ಮಣೆಯ ಮೇಲೆ ಕೂರುವ ಯೋಗ

ನಮ್ಮ ಮನೆಯ ತೂಕದ ಯಂತ್ರದ ಮೇಲೆ ನನಗೆ ನಂಬಿಕೆಯಿಲ್ಲ. ಬಚ್ಚಲ ಪಕ್ಕ ಇಟ್ಟರೆ ಒಂದು ಹೇಳುತ್ತದೆ, ಹಜಾರದಲ್ಲಿಟ್ಟರೆ ಇನ್ನೊಂದು. ದೇವರ ಎದುರಿಗಾದರೂ ಸತ್ಯ ನುಡಿದೀತೆಂದು ಪೂಜಾಗೃಹದ ಮುಂದಿಟ್ಟರೆ ಅಲ್ಲೇ ಎಲ್ಲಕ್ಕಿಂತ ಹೆಚ್ಚು ತೋರಿಸುತ್ತದೆ. ಹಾಗೆ ನೋಡಿದರೆ ನಾನು ನಂಬದಿರುವ ಸಂಗತಿಗಳು ಅನೇಕ: ಹಾಲಿನ ಪ್ಯಾಕೆಟ್ಟಿನ ಮೇಲಿನ ದಿನಾಂಕ, ಹೆಬ್ಬಾಳದ ಮೇಲ್ಸೇತುವೆ ಹತ್ತಿದವರು ಫೋನಿನಲ್ಲಿ ಹೇಳುವ ‘ಇನ್ನೈದೇ ನಿಮಿಷ’, ಮತ್ತು ಯೋಗದಿಂದ ಮೈ ಇಳಿಯುತ್ತದೆಂಬ ಮಾತು. ಓಡದೆ, ಬೆವರದೆ, ಚಾಪೆಯ ಮೇಲೆ ಮಲಗಿ ಉಸಿರು ಬಿಟ್ಟರೆ ಬೊಜ್ಜು ಕರಗುವುದಾದರೆ, ನಿದ್ರಾಪ್ರವೀಣನಾದ ನಾನು ಇಷ್ಟು ಹೊತ್ತಿಗೆ ಕಡ್ಡಿಯಾಗಿರಬೇಕಿತ್ತು, ನೀವೇ ಹೇಳಿ.

ಆದರೂ ಯೋಗಕ್ಕೆ ಸೇರಿದ್ದು ಮಗಳ ಮದುವೆಯ ದೆಸೆಯಿಂದ. ಧಾರೆಯ ಹೊತ್ತಿಗೆ ಹೆಣ್ಣಿನ ತಂದೆತಾಯಿ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ನಮ್ಮ ಪದ್ಧತಿ. ನನ್ನ ಹೊಟ್ಟೆಗೂ ಮಂಡಿಗೂ ಬಹುಕಾಲದ ವೈಮನಸ್ಯ; ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ತೂಕ ಇಳಿಸದೆ ಮಂಡಿ ಮಾತು ಕೇಳುವುದಿಲ್ಲವೆಂದು ಡಾಕ್ಟರು ಕೈತೊಳೆದುಕೊಂಡರು. ನಿಶ್ಚಿತಾರ್ಥದ ದಿನ ನನ್ನ ಅವಸ್ಥೆ ಕಂಡ ಹೆಂಡತಿಯ ತಮ್ಮ, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಪಕ್ಕದಲ್ಲಿದ್ದ ತನ್ನ ಹೆಂಡತಿಯನ್ನು ತೋರಿಸಿ, “ಕಷ್ಟ ಆದ್ರೆ ಹೇಳಿ ಭಾವ, ನಾನೂ ಇವ್ಳೂ ಕೂತ್ಕೊಂಡು ಧಾರೆ ಎರೀತೀವಿ” ಎಂದ. ಆ ಧ್ವನಿಯ ಕಾರುಣ್ಯ ನನಗೆ ಶುದ್ಧ ಸಂಚಿನಂತೆ ಕೇಳಿಸಿತು. ನನ್ನ ಒಬ್ಬಳೇ ಮಗಳನ್ನು ಇನ್ನೊಬ್ಬ ಧಾರೆ ಎರೆಯುವುದನ್ನು ಮುಂದಿನ ಸಾಲಿನಲ್ಲಿ ಕುಳಿತು ನೋಡುವುದನ್ನು ನೆನೆದೇ ಸಂಕಟವಾಯಿತು. ಆಗಲೇ ಯೋಗಕ್ಕೆ ಹೋಗುತ್ತಿದ್ದ ಹೆಂಡತಿಯ ಹಿಂದೆ ಮರುದಿನವೇ ಚಾಪೆ ಹೊತ್ತು ಹೊರಟೆ.

ತರಗತಿ ನಡೆಯುವುದು ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಸಮೀಪದ ಪಾರ್ಕಿನಲ್ಲಿ. ಗುರುಗಳು ಗದಗದ ಕಡೆಯವರು, ಹಗಲು ಹೊತ್ತು ಕಾಲೇಜಿನ ಮೇಷ್ಟರು; ಅವರಿಗೇ ಒಂದು ಸಾಧಾರಣ ಹೊಟ್ಟೆಯಿರುವುದನ್ನು ಕಂಡದ್ದೇ ತಡ, ನನ್ನ ಸಂಶಯಕ್ಕೆ ರೆಕ್ಕೆಪುಕ್ಕ ಬಂದವು. ಶವಾಸನವೊಂದನ್ನು ಬಿಟ್ಟು ಮಿಕ್ಕ ಯಾವ ಆಸನವೂ ನನಗೆ ದಕ್ಕಲಿಲ್ಲ. ಆ ತರಗತಿಗೊಂದು ಸಂಪ್ರದಾಯವಿದೆ: ಕೊನೆಯ ಓಂಕಾರ ಮುಗಿಯುತ್ತಲೇ ಚಾಪೆ ಸುತ್ತಿ ಬಗಲಲ್ಲಿಟ್ಟು ಇಡೀ ಶಿಷ್ಯವೃಂದ ಎದುರಿನ ದರ್ಶಿನಿಗೆ ದಾಳಿಯಿಡುತ್ತದೆ. ಖಾರಾಬಾತು, ಸಾಂಬಾರಿನಲ್ಲಿ ಮುಳುಗಿದ ಉದ್ದಿನ ವಡೆ, ಮೇಲೊಂದು ಕಾಫಿ. ಅಷ್ಟಾಂಗಯೋಗಕ್ಕೆ ಬೆಂಗಳೂರಿನವರು ಸೇರಿಸಿದ ಒಂಬತ್ತನೆಯ ಅಂಗ ಇದೆಂದು ಭಾವಿಸಿ, ನಾನೂ ಪರಮ ಶ್ರದ್ಧೆಯಿಂದ ಆಚರಿಸಿದೆ. ತಿಂಗಳು ಕಳೆದು ನೋಡಿದರೆ ತೂಕ ಏರಿದೆ. ಯಂತ್ರವನ್ನು ಬೈದು, ಮೆಡಿಕಲ್ ಶಾಪಿನ ಯಂತ್ರ ಹತ್ತಿದೆ, ಎರಡೂ ಶಾಮೀಲಾಗಿದ್ದವು.

ಗುರುಗಳನ್ನು ವಡೆಯ ತಟ್ಟೆಯೆದುರಲ್ಲೇ ಹಿಡಿದು ಕೇಳಿದೆ. “ಯೋಗ ಮಾಡಿದ್ರ ತೂಕ ತಾನ ಇಳೀತದ ಅಂತ ನಾ ಯಾವಾಗ ಹೇಳೇನ್ರಿ ಸರ? ನೀವು ಉಸುರು ಸುದ್ದಾ ಬಿಡದ ವಡಿ ನುಂಗ್ತೀರಿ. ಅಲ್ಲಿ ಚಾಪಿ ಮ್ಯಾಲ ಉಸುರು ನೋಡಿಧಂಗ ಇಲ್ಲೂ ನೋಡ್ಕೋತ ತಿನ್ರಿ, ಸಾಕಾತು ಅಂತ ಹೊಟ್ಟೀನ ಹೇಳ್ತದ” ಎಂದರು. ಹಾಗಾದರೆ ನಿಮ್ಮ ಹೊಟ್ಟೆ ಏನೂ ಹೇಳುವುದಿಲ್ಲವೇ ಎಂದು ಕೇಳಿಯೇಬಿಟ್ಟೆ. “ಹೇಳ್ತದ್ರಿ. ನಾ ಕೇಳಂಗಿಲ್ಲ” ಎಂದು ನಕ್ಕರು. ಅವರ ಮೇಲೆ ನನಗೆ ಮೊದಲ ಬಾರಿಗೆ ವಿಶ್ವಾಸ ಹುಟ್ಟಿದ್ದು ಆಗ. ತನ್ನ ಲೋಪವನ್ನು ತಾನೇ ಹೇಳುವವನು ಮೋಸಗಾರನಾಗಿರಲಾರ.

ಅಂದಿನಿಂದ ವಡೆಯನ್ನು ಪ್ರಾಣಾಯಾಮದ ಗತಿಯಲ್ಲಿ ತಿನ್ನತೊಡಗಿದೆ. ಅರ್ಧಕ್ಕೇ ಸಾಕೆನಿಸಿದಾಗ ಹೋಟೆಲಿನವನು ವಡೆಯ ಗಾತ್ರ ಹಿಗ್ಗಿಸಿದ್ದಾನೆಂದು ಗುಮಾನಿಪಟ್ಟೆ. ಮನೆಯಲ್ಲೂ ಅನ್ನ ಮಿಗತೊಡಗಿದಾಗ ಹೆಂಡತಿಯ ಕೈರುಚಿ ಕೆಟ್ಟಿತೇ ಎಂದು ಶಂಕಿಸಿದೆ. ಆ ಶಂಕೆಯನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಬೇಸರ ಬಂದಾಗಲೆಲ್ಲ ಚಕ್ಕುಲಿ ಡಬ್ಬಿಗೆ ಹೋಗುತ್ತಿದ್ದ ಕೈ, ಹಸಿವೇ ಬೇಸರವೇ ಎಂದು ವಿಚಾರಿಸಿಕೊಂಡು ಎಷ್ಟೋ ಸಲ ಬರಿದೇ ಹಿಂತಿರುಗಿತು. ಬಾಗಲು ಬಾರದಿದ್ದ ಬೆನ್ನು ಬಾಗಿತು, ಬೆಲ್ಟು ಒಳಗಿನ ತೂತಿಗೆ ಸರಿಯಿತು. ಲೋಕವನ್ನೆಲ್ಲ ಅನುಮಾನಿಸಿದ ನಾನು ನನ್ನ ಹಸಿವೊಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮದುವೆಯ ದಿನ ಯಶವಂತಪುರದ ಛತ್ರದಲ್ಲಿ ಮಣೆಯ ಮೇಲೆ ಕೂತೆ. ಮಂಡಿ ಗೊಣಗಿತು, ಆದರೆ ಮಡಚಿಕೊಂಡಿತು. ಪುರೋಹಿತರು ಬೇಕೆಂದೇ ಮಂತ್ರ ಎಳೆಯುತ್ತಿದ್ದಾರೆಂಬ ಗುಮಾನಿ ಬಂದರೂ ಉಸಿರನ್ನೇ ನೋಡುತ್ತ ಕೂತಿದ್ದೆ. ಹೆಂಡತಿ ನೀರು ಬಿಟ್ಟಳು, ನಾನು ಧಾರೆ ಎರೆದೆ, ಕಣ್ಣು ತುಂಬಿ ಏನೂ ಕಾಣಿಸಲಿಲ್ಲ. ಎಲ್ಲ ಮುಗಿದು, ಯಾರ ಕೈಯನ್ನೂ ಹಿಡಿಯದೆ ಎದ್ದು ತಿರುಗಿದರೆ, ಬೆನ್ನ ಹಿಂದೆಯೇ ಭಾವಮೈದುನ ರೇಷ್ಮೆ ಪಂಚೆಯುಟ್ಟು, ಪತ್ನೀಸಮೇತ ಸರ್ವಸನ್ನದ್ಧನಾಗಿ ನಿಂತಿದ್ದಾನೆ. ಕಂಡೆಯಾ ಇವನ ಸಂಚು ಎಂಬಂತೆ ಮಗಳ ಮುಖ ನೋಡಿದೆ.

“ಮಾಮನ್ನ ಬೈಬೇಡ ಅಪ್ಪ, ನಾನೇ ಇಲ್ಲಿ ನಿಲ್ಸಿದ್ದು” ಎಂದಳು ಮೆಲ್ಲಗೆ. “ನಿನ್ ಮೇಲೆ ಸ್ವಲ್ಪ ಡೌಟ್ ಇತ್ತು.”

ಧಾರೆ ಎರೆದು ಕೊಟ್ಟ ಮೇಲೂ ಅವಳು ನನ್ನ ಮಗಳೇ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.