ಬಾಗಿನದ ಗೋಡೆ

ಅಕ್ಕನ ರವಿಕೆಯ ಬೆನ್ನಿಗೆ ಯಾವಾಗಲೂ ಗೋಡೆ ಅಂಟಿಕೊಂಡಿರುತ್ತಿತ್ತು. ಒಳಕೋಣೆಯ ಕಿಟಕಿಯ ಪಕ್ಕ ನೆಲದ ಮೇಲೆ ಕೂತು, ಗೋಡೆಗೆ ಒರಗಿ, ಊರವರ ಸೀರೆಗಳಿಗೆ ಫಾಲ್ಸ್ ಹಚ್ಚುವುದು ಅವಳ ಕೆಲಸ. ಎದ್ದು ನಿಂತರೆ ಬೆನ್ನ ಮೇಲೆ ಸುಣ್ಣದ ಬಿಳಿ ಹುಡಿ. ನಾನು ಆ ಗೋಡೆಗೆ ಹಸಿರು ಬಣ್ಣ ಹೊಡೆದ ಮೇಲೆ ಸ್ವಲ್ಪ ಕಾಲ ಏನೂ ಅಂಟುತ್ತಿರಲಿಲ್ಲ. ಕೊನೆಕೊನೆಗೆ ಅಂಟುತ್ತಿದ್ದದ್ದು ಕಪ್ಪು.

ಆ ಕಪ್ಪು ಏನೆಂದು ನನಗೆ ಗೊತ್ತಿತ್ತು. ಡಾಕ್ಟರು ಕೇಳಿದಾಗ ಹೇಳಲಿಲ್ಲ. ಅಕ್ಕ ಈಗಿಲ್ಲ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಬರೆದು ಅಭ್ಯಾಸವಿಲ್ಲ. ಆದರೆ ಅವಳ ಬಗ್ಗೆ ಬೇರೆಯವರು ಬರೆದರೆ ಈ ಮಾತು ಬಿಟ್ಟುಹೋಗುತ್ತದೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಅಮ್ಮ ತೀರಿಕೊಂಡಾಗ ಅಕ್ಕ ಮದುವೆಯಾಗಿ ಭದ್ರಾವತಿಗೆ ಹೋಗಿ ಹೆಚ್ಚು ದಿನ ಆಗಿರಲಿಲ್ಲ. ಹೊಸ ಮದುಮಗಳು ಗಂಡನ ಮನೆಗೆ ತಮ್ಮನನ್ನೂ ಕಟ್ಟಿಕೊಂಡು ಹೋದಳು. ಭಾವ ಕಬ್ಬಿಣದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವರು. ಕೆಟ್ಟವರಲ್ಲ, ನಾಲಿಗೆ ಮಾತ್ರ ಚೂಪು. ನಾನು ಎರಡನೇ ಸಲ ಅನ್ನ ಹಾಕಿಸಿಕೊಂಡರೆ, "ನಿನ್ ತಮ್ಮ ನಮ್ ಕಾರ್ಖಾನೆ ಕುಲುಮೆ ಇದ್ದಂಗೆ ಕಣೇ, ಹಾಕಿದಷ್ಟೂ ಹಿಡಿಸುತ್ತೆ" ಅನ್ನುತ್ತಿದ್ದರು.

"ಕುಲುಮೆ ಆರಿದ್ರೆ ನಿಮಗೇ ಸಂಬಳ ಇಲ್ಲ, ಸುಮ್ನೆ ಉಣ್ಣಿ" ಅನ್ನುತ್ತಾ ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಹೊಲಿಯುವಾಗ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಮಾತಾಡಿ ಮಾತಾಡಿ, ಸೂಜಿ ಇಲ್ಲದಾಗಲೂ ಬಾಯಿಯ ಒಂದು ಕೊನೆಯಿಂದಲೇ ಮಾತಾಡುವುದು ಅವಳಿಗೆ ರೂಢಿಯಾಗಿತ್ತು. ಎಂಥ ಜಗಳವನ್ನೂ "ಹೋಗ್ಲಿ ಬಿಡು ಮಾರಾಯ" ಅಂತ ಮುಗಿಸಿಬಿಡುತ್ತಿದ್ದಳು.

ಶಿವಮೊಗ್ಗದ ಬಣ್ಣದ ಮೇಸ್ತ್ರಿಯೊಬ್ಬರ ಹತ್ತಿರ ನನ್ನನ್ನು ಕೆಲಸಕ್ಕೆ ಸೇರಿಸಿದವಳು ಅವಳೇ. ಈಗ ಸವಳಂಗ ರಸ್ತೆಯ ಬಣ್ಣದ ಅಂಗಡಿಯವರು ಹೇಳುವ ಮನೆಗಳಿಗೆ ಹೋಗುತ್ತೇನೆ. ಗೋಡೆಗೆ ಹಿಡಿದ ಬೂಷ್ಟು ತೆಗೆಯುವುದು ನನ್ನ ಕಸುಬು. ಹುಡಿ ಬೇರೆ ಕೋಣೆಗೆ ಹೋಗದ ಹಾಗೆ ಬಾಗಿಲು ಕಿಟಕಿಗೆಲ್ಲ ಪ್ಲಾಸ್ಟಿಕ್ ಕಟ್ಟಬೇಕು. ದಪ್ಪ ಮಾಸ್ಕು ಹಾಕಿಕೊಂಡು ಕೊಳೆತ ಗಾರೆ ಕೆತ್ತಬೇಕು, ಔಷಧಿ ಹೊಡೆಯಬೇಕು, ಚೆನ್ನಾಗಿ ಒಣಗಲು ಬಿಡಬೇಕು. ಇದೆಲ್ಲಕ್ಕೂ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಹುಡುಕದೆ ಬಣ್ಣ ಬಳಿದರೆ ಬೂಷ್ಟಿಗೆ ಕಂಬಳಿ ಹೊದಿಸಿ ಮಲಗಿಸಿದ ಹಾಗೆ. ಈ ಮಾತನ್ನು ಎಷ್ಟೋ ಮನೆಯವರಿಗೆ ಹೇಳಿದ್ದೇನೆ.

ಮಾಸ್ಕು, ಕನ್ನಡಕ, ಮೈತುಂಬ ಬಿಳಿ ಅಂಗಿ ಹಾಕಿಕೊಂಡ ನನ್ನ ಫೋಟೋ ನೋಡಿ ಅಕ್ಕ, "ಇದೇನೋ, ಜೇನು ಕೀಳೋನ ಥರ ಇದೀಯ" ಅಂತ ಬಿದ್ದು ಬಿದ್ದು ನಕ್ಕಿದ್ದಳು. ಆಮೇಲೆ ಫೋನು ಹಿಡಿದುಕೊಂಡು ಬೀದಿಯವರಿಗೆಲ್ಲ ತೋರಿಸಿದಳು. "ನನ್ ತಮ್ಮ ಗೋಡೆ ಡಾಕ್ಟ್ರು!"

ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗಬೇಕು. ಅಕ್ಕನಿಗೆ ತವರು ಅಂದರೆ ನಾನೊಬ್ಬನೇ. ಒಂದು ವರ್ಷ ನಾನು ಕೊಟ್ಟ ಕೆಂಪು ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು, ಭಾವನ ಬಿಳಿ ಪಂಚೆ ಗುಲಾಬಿಯಾಯಿತು. ಭಾವ ಅದನ್ನೇ ಉಟ್ಟುಕೊಂಡು ಬೀದಿಯಲ್ಲೆಲ್ಲ ಓಡಾಡಿ, "ಈ ಸಲ ಬಾಮೈದ ನನಗೂ ಬಾಗಿನ ಕೊಟ್ಟಿದಾನೆ" ಅಂದರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನನಗೆ ಅದು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಮುಂದಿನ ಗೌರಿಗೆ, ಒಳಕೋಣೆಗೆ ಬಣ್ಣ ಹೊಡೆದುಕೊಡುವುದೇ ನನ್ನ ಬಾಗಿನ ಅಂದೆ. ಮಳೆ ಇನ್ನೂ ಬಿಟ್ಟಿರಲಿಲ್ಲ. ಶಿವಮೊಗ್ಗದಲ್ಲಿ ಬೇರೆಯವರ ಕೆಲಸ ಅರ್ಧಕ್ಕೆ ನಿಂತಿತ್ತು, ಹಬ್ಬ ಮಾರನೆಯ ದಿನವೇ. ಅಕ್ಕ ಒರಗುವ ಗೋಡೆಯ ಆಚೆ ಬಚ್ಚಲುಮನೆ. ಮಗುವಿಗೆ ಜ್ವರ ನೋಡುವವಳ ಹಾಗೆ ಅಕ್ಕ ಗೋಡೆಗೆ ಕೈ ಇಟ್ಟು, "ಬಚ್ಚಲ ಕಡೆಯಿಂದ ಶೀತ ಏರ್ತಿದೆ ಕಣೋ. ನಿನ್ ಮೀಟ್ರು ಇಟ್ಟು ನೋಡಲ್ವಾ?" ಅಂದಳು.

ತೇವ ಅಳೆಯುವ ಮೀಟರು ನನ್ನ ಚೀಲದಲ್ಲೇ ಇತ್ತು. "ಈ ಬಣ್ಣ ಎಲ್ಲಾನೂ ತಡೆಯುತ್ತೆ, ಸುಮ್ನಿರಕ್ಕ" ಅಂದೆ. ಕಪ್ಪು ಚುಕ್ಕೆಗಳನ್ನು ಬಟ್ಟೆಯಲ್ಲಿ ಒರೆಸಿ ಮೇಲೆ ಹಸಿರು ಬಳಿದೆ. ಕೋಣೆ ಹೊಳೆಯಿತು. ಭಾವ ಗೋಡೆ ಸವರಿ, "ಇದು ಬಣ್ಣ ಬಿಡಲ್ಲ ತಾನೇ?" ಅಂತ ನಕ್ಕು ನನ್ನ ಬೆನ್ನು ತಟ್ಟಿದರು. ನನಗೆ ಬೇಕಾಗಿದ್ದದ್ದು ಅದೇ.

ಮುಂದಿನ ಮಳೆಗಾಲದ ಹೊತ್ತಿಗೆ ಅಕ್ಕನಿಗೆ ಕೆಮ್ಮು ಹಿಡಿಯಿತು. ಕಷಾಯಕ್ಕೆ ಬಗ್ಗಲಿಲ್ಲ, ಭದ್ರಾವತಿಯ ಡಾಕ್ಟರ ಔಷಧಿಗೂ ಬಗ್ಗಲಿಲ್ಲ. ಶಿವಮೊಗ್ಗದಲ್ಲಿ ಎದೆರೋಗದ ಡಾಕ್ಟರೊಬ್ಬರಿಗೆ ತೋರಿಸೋಣವೆಂದು ನಾನೇ ಹೋಗಿ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಅಕ್ಕ, ಭಾವ ಮುಂದಿನ ಸೀಟಿನಲ್ಲಿ ಕೂತರು. ಅಕ್ಕ ಕೆಮ್ಮಿ ಮುಂದಕ್ಕೆ ಬಾಗಿದಾಗ ರವಿಕೆಯ ಬೆನ್ನ ಮೇಲೆ ಕಪ್ಪು ಮಸಿ ಕಂಡಿತು. ಬೇರೆಯವರು ಇದ್ದಿಲು ಅಂದುಕೊಳ್ಳುತ್ತಿದ್ದರು.

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ನೋಡಿ ಕೇಳಿದರು. "ಮನೇಲಿ ಗೋಡೆ ಒದ್ದೆ ಇದ್ಯಾ? ಬೂಷ್ಟು ಗೀಷ್ಟು ಏನಾದ್ರೂ?"

ಕೆಮ್ಮಿನ ನಡುವೆಯೂ ಅಕ್ಕ ನಕ್ಕಳು. "ನಮ್ಮನೇಲಾ? ಇವ್ನು ನನ್ ತಮ್ಮ ಮೇಡಂ. ಊರ ಬೂಷ್ಟೆಲ್ಲ ತೆಗೆಯೋನೇ ಇವ್ನು. ನಮ್ಮ ಗೋಡೆ ಕನ್ನಡಿ ಇದ್ದಂಗಿದೆ."

"ಹೌದೇನಪ್ಪಾ?" ಅಂತ ಅವರು ನನ್ನ ಕಡೆ ತಿರುಗಿದರು. ಭಾವ ಪಕ್ಕದಲ್ಲೇ ನಿಂತಿದ್ದರು. ನಾನು ಹೌದೆಂದು ತಲೆಯಾಡಿಸಿದೆ.

ಉಬ್ಬಸಕ್ಕೆ ಕೊಡುವ ಔಷಧಿ ಬರೆದುಕೊಟ್ಟು, ಹೊರಗಿನ ಧೂಳಿಗೆ ಹೋಗಬೇಡಿ, ಮನೆಯೊಳಗೇ ಇರಿ ಅಂದರು. ಹೇಳಿದ ಮಾತು ಕೇಳುವವಳು ಅಕ್ಕ. ಹೋಗಿ ಅದೇ ಕೋಣೆಯಲ್ಲಿ ಕೂತಳು.

ನಾಳೆ ಹೋಗಿ ಸರಿಮಾಡಿಕೊಡುತ್ತೇನೆ, ಮಳೆ ನಿಲ್ಲಲಿ, ಈ ಕೆಲಸ ಮುಗಿಯಲಿ, ಭಾವ ಇಲ್ಲದ ಹೊತ್ತು ನೋಡಿ ಹೋಗುತ್ತೇನೆ ಎಂದುಕೊಳ್ಳುತ್ತಲೇ ದಿನ ಕಳೆದೆ. ಅಕ್ಕ ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ನಡುವೆ ಕೂತು ಸುಧಾರಿಸಿಕೊಳ್ಳುತ್ತಾಳೆ ಎಂದು ಭಾವ ಫೋನು ಮಾಡಿದಾಗ ಓಡಿದೆ. ಒಳಕೋಣೆಯಲ್ಲಿ ಬೀರು ಜಾಗ ಬದಲಿಸಿತ್ತು. ಪಕ್ಕಕ್ಕೆ ಎಳೆದು ನೋಡಿದೆ. ನನ್ನ ಹಸಿರು ಬಣ್ಣ ಗುಳ್ಳೆ ಎದ್ದು ಸಿಪ್ಪೆಸಿಪ್ಪೆಯಾಗಿ ಜೋತುಬಿದ್ದಿತ್ತು, ಒಳಗೆಲ್ಲ ಕಪ್ಪು. ಬಣ್ಣ ಮೊದಲು ಉಬ್ಬಿದಾಗಲೇ, ಭಾವ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಅವಳೊಬ್ಬಳೇ ಬೀರು ಎಳೆದಿಟ್ಟಿದ್ದಳು. ಬೀರುವಿಗೆ ಮರೆಯಾಗದೆ ಉಳಿದ ಜಾಗಕ್ಕೆ ತಾನೇ ಒರಗಿ ಕೂರುತ್ತಿದ್ದಳು.

"ಯಾಕಕ್ಕ ಹೇಳ್ಲಿಲ್ಲ?"

"ತವರಿನ ಬಾಗಿನಕ್ಕೆ ಯಾರಾದ್ರೂ ಕೊಂಕು ತೆಗೀತಾರೇನೋ?" ಅಂದಳು. ಉಸಿರು ಎಳೆದುಕೊಂಡು ಮತ್ತೆ, "ನಿಮ್ ಭಾವ ನೋಡಿದ್ರೆ ಆ ಗುಲಾಬಿ ಪಂಚೆ ಪೆಟ್ಟಿಗೆಯಿಂದ ಈಚೆ ಬರ್ತಿತ್ತು. ಹೋಗ್ಲಿ ಬಿಡು ಮಾರಾಯ."

ಡಾಕ್ಟರಮ್ಮನ ಹತ್ತಿರ ಒಬ್ಬನೇ ಹೋಗಿ ಇದ್ದದ್ದು ಹೇಳಿದೆ. ಅವರು ಬೈಯಲಿಲ್ಲ. ಅಕ್ಕನನ್ನು ಮತ್ತೆ ಕರೆಸಿ, ಎದೆಯ ಚಿತ್ರ ತೆಗೆಸಿ, ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟಿಬಿಟ್ಟಿದೆ, ಅದು ಇನ್ನು ಹೋಗುವುದಿಲ್ಲ ಅಂದರು. ನಾನು ಮೊದಲೇ ಹೇಳಿದ್ದರೆ ಹೀಗಾಗುತ್ತಿರಲಿಲ್ಲವಾ ಅಂತ ಕೇಳಿದೆ. "ಹೇಗೆ ಹೇಳ್ಲಪ್ಪಾ" ಅಂದರು. ಈಗಲೂ ನನಗೆ ಅದಕ್ಕಿಂತ ಹೆಚ್ಚು ಗೊತ್ತಿಲ್ಲ.

ಆಮೇಲೆ ಎಲ್ಲವನ್ನೂ ಕ್ರಮಪ್ರಕಾರ ಮಾಡಿದೆ. ಬಚ್ಚಲ ಗೋಡೆಯೊಳಗಿನ ಪೈಪಿನ ಜೋಡಣೆ ಸೋರುತ್ತಿತ್ತು. ಮೊದಲೇ ಮೀಟರು ಇಟ್ಟಿದ್ದರೆ ಆ ಗೌರಿಯ ಹಿಂದಿನ ದಿನವೇ ಸಿಗುತ್ತಿತ್ತು. ಪೈಪು ಬದಲಿಸಿದೆ, ಗಾರೆ ಕೆತ್ತಿದೆ, ಔಷಧಿ ಹೊಡೆದೆ, ಒಣಗಲು ಬಿಟ್ಟೆ. ಗೋಡೆ ಒಣಗಿತು. ಅದರಲ್ಲಿ ಮತ್ತೆ ಬೂಷ್ಟು ಕಾಣಲಿಲ್ಲ. ಅಕ್ಕ ಅದರ ಮುಂದಿನ ಗೌರಿಗೆ ಇರಲಿಲ್ಲ.

ಗಾರೆ ಕೆತ್ತಿದ ದಿನ ಮಾತ್ರ ನನ್ನ ಕಣ್ಣಿಗೆ ಕಟ್ಟಿದೆ. ಶಿವಮೊಗ್ಗದ ನನ್ನ ಮನೆಗೆ ಹೋಗಿರು ಅಂದರೆ ಅಕ್ಕ ಕೇಳಲಿಲ್ಲ. "ಗೋಡೆ ಡಾಕ್ಟ್ರು ಆಪರೇಷನ್ ಮಾಡೋದು ನೋಡ್ಬೇಕು" ಅಂತ ಎದುರುಮನೆಯ ತಮಿಳು ಅಜ್ಜಿಯ ಜಗಲಿಯಲ್ಲಿ ಕೂತಳು. ಮೂಗಿಗೆ ಆಮ್ಲಜನಕದ ನಳಿಕೆ, ಪಕ್ಕದಲ್ಲಿ ಭಾವ. ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದ ಅವಳನ್ನು ನಾನು ನೋಡಿದ್ದು ಅದೇ ಮೊದಲು.

ಕೆತ್ತಿದ ಗಾರೆಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ಬಿಳಿ ಅಂಗಿ ಒಳಗೇ ಕಳಚಿಟ್ಟು ಬೀದಿಗೆ ಬಂದೆ. ಮಾಸ್ಕು ತೆಗೆಯುವುದು ಮರೆತಿತ್ತು. ಜಗಲಿಯ ಕೆಳಗೆ ನಿಂತು ಮಾತು ಶುರುಮಾಡಿದೆ. ನನ್ನ ದನಿ ನನಗೇ ಗೊರಗೊರ ಕೇಳಿಸಿತು.

"ಏನಂತಿದೀಯೋ?" ಅಂದಳು ಅಕ್ಕ. "ಆ ಮುಸುಕು ತೆಗೆದು ಹೇಳು ಮಾರಾಯ."

ತೆಗೆದೆ. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಪಕ್ಕದಲ್ಲಿದ್ದ ಭಾವನ ಕಡೆ ಕಣ್ಣಲ್ಲೇ ತೋರಿಸಿ, ಬೇಡ ಎಂಬಂತೆ ತಲೆಯಾಡಿಸಿದಳು. "ಹೋಗ್ಲಿ..." ಅಂದಳು. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ. ಭಾವ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು.

"ಅಕ್ಕ, ಗೋಡೆ ಒದ್ದೆ ಇರೋದು ನಂಗೆ ಅವತ್ತೇ ಗೊತ್ತಿತ್ತು" ಅಂದೆ. "ಗೊತ್ತಿದ್ದೇ ಬಣ್ಣ ಹೊಡೆದೆ. ಡಾಕ್ಟ್ರು ಕೇಳಿದಾಗ್ಲೂ ಗೊತ್ತಿತ್ತು. ಭಾವ ಇದಾರೆ ಅಂತ ತಲೆಯಾಡಿಸಿದೆ. ತಪ್ಪಾಯ್ತು ಅಕ್ಕ."