ಹೊರದೇಶದ ಗಂಗಮ್ಮನಿಗೆ ಬಾಗಿನ

ನನ್ನ ಮೊಮ್ಮಗಳ ಕೆಳಗೆ ಹಾಸಲೆಂದು ಹೊಸ ಪ್ಲಾಸ್ಟಿಕ್ ಶೀಟು ಬಿಡಿಸಿದೆ ನೋಡಿ, ಆ ವಾಸನೆ ಮೂಗಿಗೆ ಬಡಿದು ನನ್ನನ್ನು ಜರಗನಹಳ್ಳಿಯಿಂದ ನೇರ ನಯಾಗರಕ್ಕೆ ಎತ್ತಿ ಒಗೆಯಿತು. ಅಲ್ಲಿ ದೋಣಿ ಹತ್ತುವ ಮುಂಚೆ ಕೊಟ್ಟ ಪ್ಲಾಸ್ಟಿಕ್ ಕೋಟಿಗೂ ಇದೇ ವಾಸನೆ. ಮಗು ಹುಟ್ಟಿದ ಖುಷಿಯಲ್ಲಿ ನೆಲದ ಮೇಲೆ ಕಾಲೇ ನಿಲ್ಲದ ನಾನು ಶೀಟು ಅಲ್ಲೇ ಬಿಟ್ಟು ಕೂತೆ. ಪಕ್ಕದ ಮನೆಯ ಗೆಳತಿ ನೆನಪಾದಳು…

ಚಿಕ್ಕ ವಯಸ್ಸಿಗೇ ಅವಳ ಗಂಡ ತೀರಿಕೊಂಡಿದ್ದ. ಕೆರೆ ತುಂಬಿದಾಗಲೆಲ್ಲ ನಾವು ಹೆಂಗಸರು ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಬೇಳೆ ಇಟ್ಟು ಗಂಗಮ್ಮನಿಗೆ ಬಾಗಿನ ಬಿಡುತ್ತಿದ್ದೆವು. ಅವಳು ಮಾತ್ರ ದೂರದಲ್ಲಿ ಏರಿಯ ಮೇಲೆ ನಿಂತು ನಮ್ಮ ಚಪ್ಪಲಿ ಕಾಯಬೇಕು. ಹಾಗೆಂದು ಕಾನೂನು ಮಾಡಿದವಳು ಅವಳ ಗಂಡನ ಅಕ್ಕ. ಆ ಅತ್ತಿಗೆಗೆ ಇದ್ದ ಯೋಗ್ಯತೆ ಒಂದೇ, ಗಂಡ ಬದುಕಿದ್ದ. ಅವನೂ ಇವಳ ಬಾಯಿಗೆ ಹೆದರಿ ಹಗಲೆಲ್ಲ ಟೀ ಅಂಗಡಿಯಲ್ಲೇ ಕೂತಿರುತ್ತಿದ್ದ.

"ಒಂದ್ಸಲ ನನ್ ಕೈಯಾರೆ ಬಿಡ್ಬೇಕು ಕಣೆ," ಎಂದು ಗೆಳತಿ ನನ್ನ ಹತ್ತಿರ ಹೇಳಿದ್ದಳು. "ಆಮೇಲೆ ಯಾರೇನಾದ್ರೂ ಅನ್ಲಿ."

ಬೀದಿಯ ಹೆಂಗಸರೆಲ್ಲ ಸೇರಿ ಅಮೆರಿಕ ಟೂರ್ ಹೊರಟಾಗ ಅತ್ತಿಗೆ ಸೂಟ್‌ಕೇಸಿನಲ್ಲಿ ರೇಷ್ಮೆ ಸೀರೆಗಳ ನಡುವೆ ಮೊರ ಸುತ್ತಿಟ್ಟುಕೊಂಡು ಬಂದಳು. ಅಲ್ಲಿನ ಗಂಗಮ್ಮನಿಗೂ ಇವಳ ಕೈಯಿಂದಲೇ ಆಗಬೇಕಂತೆ! ಸ್ಟಿಕರ್ ಹಚ್ಚಿಕೊಂಡರೆ ಬಾಗಿನ ಸಲ್ಲುವುದಿಲ್ಲವೆಂದು ಗೆಳತಿಯೊಬ್ಬಳನ್ನು ಬಿಟ್ಟು ನಮ್ಮೆಲ್ಲರ ಹಣೆಗೂ ಕಾಸಗಲ ಪುಡಿ ಕುಂಕುಮ ಬಳಿದಳು. ದೋಣಿ ಹತ್ತುವಾಗ ಗೆಳತಿಯ ಕಡೆ ತಿರುಗಿ, "ನೀನು ಹಿಂದೆ ನಿಂತ್ಕೊ, ಮೊರದ ಮೇಲೆ ನೆರಳು ಬೀಳ್ಬಾರ್ದು," ಎಂದಳು. ಥೂ! ವಿಮಾನದಲ್ಲಿ ಅದೇ ನೆರಳಿನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದಿದ್ದಳು.

ನೀರೆಂದರೆ ಅದು ನೀರು! ಆಕಾಶವೇ ಒಡೆದು ಸುರಿದಂತೆ… ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ದೋಣಿ ಹತ್ತಿರ ಹೋದದ್ದೇ ತಡ, ಕೊಡಗಟ್ಟಲೆ ನೀರು ಮುಖಕ್ಕೆ ರಾಚಿತು. ಎಲ್ಲರ ಕುಂಕುಮವೂ ಮೂಗಿನ ಮೇಲಿಂದ ಹರಿದು ಕೊಚ್ಚಿಕೊಂಡು ಹೋಯಿತು. ಯಾರು ಮುತ್ತೈದೆ, ಯಾರು ಅಲ್ಲ, ಒಂದೂ ಗೊತ್ತಾಗದು. ಅತ್ತಿಗೆ ಗಂಡನೇ ಹೋದನೆಂಬಂತೆ ಕಿರುಚಿ ಒಂದು ಕೈಯಲ್ಲಿ ಬೋಳು ಹಣೆ ಮುಚ್ಚಿಕೊಂಡಳು. ಅಷ್ಟರಲ್ಲಿ ದೋಣಿ ಓಲಾಡಿತು, ಇನ್ನೊಂದು ಕೈಗೆ ಕಂಬಿ ಬೇಕಾಯಿತು.

"ಯಾರಾದ್ರೂ ಮೊರ ಹಿಡ್ಕೊಳ್ರೇ!"

ಹಿಡಿದವಳು ನನ್ನ ಗೆಳತಿ. ವಾಪಸ್ಸು ಕೊಡಲಿಲ್ಲ. ಮೊರವನ್ನು ಕಣ್ಣಿಗೊತ್ತಿಕೊಂಡು, ಕಂಬಿಯಾಚೆ ಬಾಗಿ, ನಿಧಾನವಾಗಿ ನೀರಿಗೆ ಬಿಟ್ಟಳು. ದೋಣಿಯವನು ಇಂಗ್ಲಿಷಿನಲ್ಲಿ ಏನೋ ಕೂಗಿದ. ನಮಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ದರ್ದೂ ಇರಲಿಲ್ಲ.

ಬಸ್ಸಿಗೆ ಬಂದ ಮೇಲೆ ಹೊಸ ಕುಂಕುಮ ಇಟ್ಟುಕೊಂಡು ಅತ್ತಿಗೆಗೆ ಧೈರ್ಯ ಬಂತು. "ಅದು ಗಂಗಮ್ಮಂಗೆ ಸೇರಲ್ಲ ಬಿಡ್ರಿ," ಎಂದಳು.

ಗೆಳತಿ ಒದ್ದೆ ತಲೆ ಒರೆಸಿಕೊಳ್ಳುತ್ತಲೇ ಕೇಳಿದಳು: "ಸೇರ್ದಿದ್ರೆ ವಾಪಸ್ ಬರ್ಬೇಕಿತ್ತಲ್ಲ ಅತ್ಗೆ, ಬಂತಾ?"

ಬಸ್ಸಿಗೆ ಬಸ್ಸೇ ನಕ್ಕಿತು.

ಹೋದ ವರ್ಷ ಗೆಳತಿ ತೀರಿಕೊಂಡಳು. ತಿಥಿಯ ದಿನ ಎಲ್ಲರಿಗಿಂತ ಜೋರಾಗಿ ಅತ್ತದ್ದು ಅತ್ತಿಗೆಯೇ. "ಅಮೆರಿಕದಲ್ಲಿ ನಾನೇ ಅವಳ ಕೈಲಿ ಬಾಗಿನ ಬಿಡಿಸಿದ್ದೆ," ಎಂದು ಬಂದವರಿಗೆಲ್ಲ ಹೇಳಿದಳು. ಕಣ್ಣಲ್ಲಿ ನೀರಿತ್ತು. ನಾಚಿಕೆ ಇರಲಿಲ್ಲ.

ಈ ಭಾನುವಾರ ಮೊಮ್ಮಗಳ ತೊಟ್ಟಿಲ ಶಾಸ್ತ್ರ. ತೊಟ್ಟಿಲ ಕೆಳಗಿಂದ ಈಚೆಯವಳು ಮಗುವನ್ನು ಕೊಡಬೇಕು, ಆಚೆಯವಳು ಎತ್ತಿಕೊಳ್ಳಬೇಕು. ಈಚೆ ನಾನು. ಆಚೆಯ ಜಾಗ ಗೆಳತಿಯದೇ ಎಂದು ಮಗಳು ಬಸುರಿಯಾಗುವ ಮೊದಲೇ ಹೇಳಿಟ್ಟಿದ್ದೆ… ಆ ಕೈಗಳನ್ನು ಈಗ ಎಲ್ಲಿಂದ ತರಲಿ? ಅತ್ತಿಗೆ ತಾನು ನಿಲ್ಲುತ್ತೇನೆಂದು ಹೇಳಿ ಕಳಿಸಿದ್ದಾಳೆ. ಬೇಡ ಅಂದೆ. ಮಗುವಿನ ಅಪ್ಪನನ್ನೇ ನಿಲ್ಲಿಸುತ್ತೇನೆ. ಗಂಡಸು ನಿಂತರೆ ಶಾಸ್ತ್ರ ಕೆಡುತ್ತದಂತೆ. ಕೆಡಲಿ.