ಏಳನೇ ತರಗತಿಗೆ ಹೇಳಿದ ಸುಳ್ಳುಗಳು

ಹಾವೇರಿಯಲ್ಲಿ ನಡೆದ ಶಿಕ್ಷಕರ ತರಬೇತಿಯ ಎರಡನೆಯ ದಿನ ನನ್ನ ಮರ್ಯಾದೆ ಹೋಯಿತು. ತರಬೇತಿ ಕೊಡಲು ಬಂದಿದ್ದವನು ನನಗಿಂತ ಬಹಳ ಚಿಕ್ಕವ. ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, ನಿಮ್ಮ ವರ್ಗದಲ್ಲಿ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಯಾರು ಎಷ್ಟು ಹೊತ್ತು ಮಾತಾಡುತ್ತಾರೆ ಬರೆಯಿರಿ ಅಂದ. ನಾನು ಪ್ರಾಮಾಣಿಕವಾಗಿ ಬರೆದೆ: ನಾನು ಮೂವತ್ತೆಂಟು, ಮಕ್ಕಳು ಎರಡು. ಆ ಎರಡು ನಿಮಿಷದಲ್ಲೂ ಅವರು ಹೇಳುತ್ತಿದ್ದುದು "ಹೌದ್ರಿ ಟೀಚರ್" ಅಂತಲೇ.

ಆತ ಚೀಟಿಗಳನ್ನು ಓದಿ ನಗುತ್ತ, "ಯಾರು ವಿಚಾರ ಮಾಡಿ ಮಾತಾಡ್ತಾರ, ಅವರು ಕಲೀತಾರ್ರಿ. ಹಂಗಾದ್ರ ನಿಮ್ಮ ವರ್ಗದಾಗ ಕಲಿಯಾಕತ್ತವರು ಯಾರು?" ಅಂದ.

ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ನಾನು ಏಳನೇ ತರಗತಿಗೆ ಗಣಿತ, ವಿಜ್ಞಾನ ಹೇಳಲು ಹಿಡಿದು ಹನ್ನೆರಡು ವರ್ಷವಾಗಿತ್ತು. ಆತನ ಲೆಕ್ಕದಂತೆ ಏಳನೇ ತರಗತಿಯನ್ನು ಹನ್ನೆರಡು ಸಲ ಓದಿ ಪಾಸಾದವಳು ನಾನೊಬ್ಬಳೇ. ಸಂಜೆ ರಾಣೆಬೆನ್ನೂರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು ಆತನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಬಸ್ಸು ಊರು ಸೇರುವ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಕಿಡಿಗೇಡಿ ವಿಚಾರ ಹುಟ್ಟಿತ್ತು.

ಮುಂದಿನ ಸೋಮವಾರ ವರ್ಗಕ್ಕೆ ಹೋದವಳೇ ಹೇಳಿದೆ: "ಇವತ್ತಿನಿಂದ ದಿನಾ ಪಾಠದಾಗ ಒಂದು ಸುಳ್ಳು ಹೇಳ್ತೀನಿ. ಯಾವುದು ಅಂತ ನೀವು ಹಿಡೀಬೇಕು. ಬರೇ ಸುಳ್ಳು ಅಂದ್ರ ನಡೆಯಂಗಿಲ್ಲ. ಹೆಂಗ ಗೊತ್ತಾತು ಅನ್ನೂದನ್ನೂ ಹೇಳಬೇಕು."

ಇಪ್ಪತ್ತಾರು ಮಕ್ಕಳೂ "ಹೌದ್ರಿ ಟೀಚರ್" ಅಂದರು.

ಅವತ್ತು ಪ್ರಾಣಿಗಳ ಪಾಠ. ಬಾವಲಿ ಒಂದು ಪಕ್ಷಿ ಅಂತ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ. ಎಲ್ಲರೂ ಅದನ್ನು ಅಂದವಾಗಿ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಮುಂದಿನ ಬೆಂಚಿನ ಜಾಣೆಯೊಬ್ಬಳು ಅದರ ಕೆಳಗೆ ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದಳು. ಸುಳ್ಳು ಹೇಳುತ್ತೇನೆಂದು ಮೊದಲೇ ಹೇಳಿ, ಕಣ್ಣೆದುರು ಹೇಳಿದರೂ ಅವರು ನನ್ನನ್ನು ನಂಬಿದ್ದರು. ಮರುದಿನ ನಾನೇ ಒಪ್ಪಿಕೊಂಡೆ. ಕೆಂಪು ಗೆರೆಯ ಹುಡುಗಿಗೆ ಅಳುವೇ ಬಂತು. ಹಿಂದಿನಿಂದ ಒಬ್ಬ ಹುಡುಗ ಗೊಣಗಿದ: "ನನಗ ಗೊತ್ತಿತ್ತು. ನಮ್ಮ ಹುಣಸಿ ಗಿಡದಾಗ ಅದಾವು. ಗೂಡೂ ಕಟ್ಟಂಗಿಲ್ಲ, ಮೊಟ್ಟಿನೂ ಇಡಂಗಿಲ್ಲ."

"ಮತ್ತ ನಿನ್ನೆ ಯಾಕ ಹೇಳಲಿಲ್ಲ?"

"ನೀವು ಹೇಳಿದ್ದು ಅಂತ ಬಿಟ್ಟೇನ್ರಿ."

ಮೂರನೆಯ ದಿನದಿಂದ ಆಟಕ್ಕೆ ಬಣ್ಣ ಬಂತು. ತ್ರಿಕೋನದ ಮೂರು ಕೋನ ಕೂಡಿಸಿದರೆ ಇನ್ನೂರು ಡಿಗ್ರಿ ಅಂದೆ. ನಾಲ್ಕು ಜನ ಕೋನಮಾಪಕ ತೆಗೆದು ನನ್ನ ತ್ರಿಕೋನವನ್ನು ಅಳೆಯಲು ಬೋರ್ಡಿಗೇ ಬಂದರು. ಹನ್ನೆರಡು ವರ್ಷದಲ್ಲಿ ಕಂಪಾಸ್ ಪೆಟ್ಟಿಗೆಯಿಂದ ಆ ವಸ್ತು ತಾನಾಗಿಯೇ ಹೊರಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಪುಸ್ತಕವನ್ನು ನನಗಿಂತ ಮೊದಲೇ ಓದಿಕೊಂಡು ಬರತೊಡಗಿದರು, ನನ್ನನ್ನು ಹಿಡಿಯಲಿಕ್ಕೆ. ನನ್ನ ಮಾತು ಮೂವತ್ತೆಂಟು ನಿಮಿಷದಿಂದ ಇಪ್ಪತ್ತಕ್ಕೆ ಇಳಿಯಿತು. ಯಾಕೆಂದರೆ ಪ್ರತಿ ವಾಕ್ಯಕ್ಕೂ ಒಂದು ಕೈ ಏಳುತ್ತಿತ್ತು.

ತೊಂದರೆ ಶುರುವಾದದ್ದು ಆಟ ವರ್ಗದ ಬಾಗಿಲು ದಾಟಿದಾಗ. ಪ್ರಾರ್ಥನೆಯ ಹೊತ್ತಿಗೆ ನಮ್ಮ ಹೆಡ್‌ಮಾಸ್ತರರು ಶಿಸ್ತಿನ ಬಗ್ಗೆ ಮಾತಾಡುತ್ತ, ಸೂರ್ಯ ದಿನಾ ತಪ್ಪದೆ ಪೂರ್ವಕ್ಕೆ ಹುಟ್ಟುತ್ತಾನೆ, ಹಾಗೆ ನೀವೂ ಇರಬೇಕು ಅಂದರು. ಬಾವಲಿಯ ಹುಡುಗ ಕೈ ಎತ್ತಿದ. "ಸರ್, ಇದು ಇವತ್ತಿನದೇನ್ರಿ? ಸೂರ್ಯ ಹುಟ್ಟೂದಿಲ್ರಿ. ಭೂಮಿ ತಿರುಗ್ತೈತ್ರಿ." ಹೆಡ್‌ಮಾಸ್ತರರು ಅವನನ್ನು ನೋಡಲಿಲ್ಲ, ನೇರವಾಗಿ ನನ್ನನ್ನು ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಅವರು ನಿವೃತ್ತಿಗೆ ಹತ್ತಿರವಾದ ಮನುಷ್ಯ. ಕಲಿಕೆ ಅಂದರೆ ಬಾಯಿಪಾಠ ಅಂತ ನಂಬಿದವರು. ಅವರ ಕೈಯಲ್ಲಿ ಮಗ್ಗಿ ಕಲಿತ ಮಕ್ಕಳು ನಿದ್ದೆಗಣ್ಣಿನಲ್ಲೂ ತಪ್ಪುತ್ತಿರಲಿಲ್ಲ. ಆ ಮಗ್ಗಿ ಬರದಿದ್ದರೆ ನನ್ನ ಲೆಕ್ಕದ ಸುಳ್ಳುಗಳನ್ನು ಯಾರೂ ಹಿಡಿಯಲು ಆಗುತ್ತಿರಲಿಲ್ಲ ಎನ್ನುವುದೂ ಖರೆ. ಅದನ್ನು ಅವರಿಗೆ ಹೇಳುವಷ್ಟು ದೊಡ್ಡ ಮನಸ್ಸು ಆಗ ನನಗಿರಲಿಲ್ಲ.

ಅದೇ ವಾರ ಊರಿನ ಕಿರಾಣಿ ಅಂಗಡಿಯವರು ಶಾಲೆಗೆ ಬಂದರು. ಅವರ ಮಗ ನನ್ನ ವರ್ಗದವ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಕ್ಕೋರ, ನಮ್ಮ ಹುಡುಗಗ ಏನ್ ಕಲಸಾಕತ್ತೀರಿ?"

"ಯಾಕ್ರಿ, ಏನಾತು?"

"ನಿನ್ನೆ ಗಿರಾಕಿ ಬಂದು ಬ್ಯಾಳಿ ಹೊಸಾದೇನು ಅಂತ ಕೇಳಿದ್ರು. ಹೌದು, ಮೊನ್ನೆ ಬಂದದ್ದು ಅಂದೆ. ಇಂವ ಒಳಗಿಂದ ಬಂದು, ಅಪ್ಪಾ, ಇದು ನಿನ್ನ ಇವತ್ತಿನ ಸುಳ್ಳು, ಚೀಲದ ಮ್ಯಾಲಿನ ತಿಂಗಳು ಓದೇನಿ, ಹಳೇದೈತಿ ಅಂದ. ಗಿರಾಕಿ ನಕ್ಕೋತ ಹೋದರು, ಬ್ಯಾಳಿ ಒಯ್ಯಲಿಲ್ಲ."

ನಾನು ನಗು ತಡೆದುಕೊಳ್ಳಲು ಹಾಜರಿ ಪುಸ್ತಕ ತೆರೆದೆ. ಕೊನೆಗೆ ಒಂದು ನಿಯಮ ಮಾಡಿದೆವು: ಸುಳ್ಳು ಹಿಡಿಯುವ ಆಟ ಶಾಲೆಯ ಗೇಟಿನ ಒಳಗೆ ಮಾತ್ರ. ಮಕ್ಕಳು ಒಪ್ಪಿದರು. ಆ ನಿಯಮ ಎಷ್ಟು ಮನೆಗಳಲ್ಲಿ ಪಾಲನೆಯಾಯಿತೋ ನಾನು ವಿಚಾರಿಸಲು ಹೋಗಲಿಲ್ಲ.

ಈ ಗದ್ದಲದಲ್ಲೆಲ್ಲ ಒಬ್ಬಳು ಹುಡುಗಿ ಮಾತ್ರ ಬಾಯಿ ತೆರೆದಿರಲಿಲ್ಲ. ಕೊನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ತಾಯಿ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಸೀಜನ್ನಿನಲ್ಲಿ ತಮ್ಮನನ್ನು ನೋಡಿಕೊಳ್ಳಲು ಇವಳು ಮನೆಯಲ್ಲಿ ಉಳಿಯುತ್ತಿದ್ದಳು, ಹೀಗಾಗಿ ಹಾಜರಿ ಅಷ್ಟಕ್ಕಷ್ಟೆ. ಪಾಠದಲ್ಲಿ ಹಿಂದೆ ಬಿದ್ದಿದ್ದಾಳೆ ಅಂತ ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

ಒಂದು ದಿನ ಹಣ್ಣು ಮತ್ತು ಬೀಜಗಳ ಪಾಠ. ಅವರೆಕಾಳಿಗೆ ಒಂದೇ ಬೇಳೆ ಎಂಬ ಆ ದಿನದ ಸುಳ್ಳನ್ನು ಶುರುವಿನಲ್ಲೇ ಹೇಳಿದ್ದೆ, ಅದನ್ನು ಕೂಡಲೇ ಹಿಡಿದೂ ಆಗಿತ್ತು. ಆಮೇಲೆ ನಿಶ್ಚಿಂತೆಯಿಂದ ಉದಾಹರಣೆ ಕೊಡುತ್ತ, ಮೆಣಸಿನಕಾಯಿಯ ಖಾರವೆಲ್ಲ ಅದರ ಬೀಜದಲ್ಲಿರುತ್ತದೆ ಅಂದೆ. ಆ ಹುಡುಗಿ ಎದ್ದು ನಿಂತಳು.

"ಟೀಚರ್ರಿ, ಇವತ್ತ ಎರಡು ಸುಳ್ಳು ಹೇಳೀರಿ."

ಬೀಜದಲ್ಲೇ ಖಾರ ಎಂದು ನಾನು ಹುಟ್ಟಿದಾಗಿನಿಂದ ನಂಬಿದ್ದೆ, ನಮ್ಮವ್ವನೂ ನಂಬಿದ್ದಳು. ಆದರೂ ಅವಳ ಧ್ವನಿಯಲ್ಲಿ ಅನುಮಾನವೇ ಇರಲಿಲ್ಲ. ಆಗ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ. "ಶಾಬ್ಬಾಸ್," ಅಂದೆ. "ಎರಡನೇದು ಹಿಡೀತೀರೇನು ನೋಡೂಣ ಅಂತ ಬೇಕಂತಲೇ ಹೇಳಿದೆ."

"ಇಲ್ರಿ," ಅಂದಳು ಅವಳು ಮೆಲ್ಲಗೆ. "ಬೇಕಂತ ಸುಳ್ಳು ಹೇಳುವಾಗ ನೀವು ಬೋರ್ಡಿನ ಕಡೆ ಮುಖಾ ಮಾಡ್ತೀರಿ, ನಗೂದು ಕಾಣಬಾರದು ಅಂತ. ಈಗ ನಮ್ಮ ಕಡೇನ ನೋಡ್ಕೋತ ಹೇಳಿದ್ರಿ. ಇದು ನಿಮಗ ಖರೇನ ಗೊತ್ತಿಲ್ರಿ."

ಇಷ್ಟು ದಿನ ಪ್ರತಿ ಸುಳ್ಳನ್ನೂ ನನ್ನ ಬೆನ್ನು ನೋಡಿಯೇ ಇವಳು ಕಂಡುಹಿಡಿಯುತ್ತಿದ್ದಳು.

"ಹಂಗಿದ್ರ ಒಂದು ದಿನಾನೂ ಯಾಕ ಹೇಳಲಿಲ್ಲ?"

"ಹೆಂಗ ಗೊತ್ತಾತು ಅಂತ ಹೇಳಬೇಕಲ್ರಿ. ನಿಮ್ಮ ಮುಖಾ ನೋಡಿ ಗೊತ್ತಾತು ಅಂದ್ರ ಉಳಿದವರಿಗೆ ಆಟಾನ ಹೋಗ್ತಿತ್ತು."

ನಾನು ಕುರ್ಚಿಯ ಮೇಲೆ ಕೂತೆ. ನನಗೆ ಗೊತ್ತಿರಲಿಲ್ಲ, ಬೇಕಂತಲೇ ಹೇಳಿದೆ ಅಂದದ್ದೂ ಸುಳ್ಳು ಅಂತ ಒಪ್ಪಿಕೊಂಡೆ. ಮಕ್ಕಳು ನಗುತ್ತಾರೆಂದು ತಿಳಿದಿದ್ದೆ. ಯಾರೂ ನಗಲಿಲ್ಲ. ಎಲ್ಲರೂ ಕುತೂಹಲದಿಂದ ಅವಳ ಕಡೆ ತಿರುಗಿದರು.

"ಮತ್ತ ಖಾರ ಎಲ್ಲಿರ್ತೈತಿ? ನಿನಗ ಹೆಂಗ ಗೊತ್ತು?"

"ತೊಟ್ಟು ಬಿಡಿಸುವಾಗ ಬೀಜ ಮಡಿಲಾಗ ಉದುರ್ತಾವರಿ. ಅವು ಏನೂ ಮಾಡಂಗಿಲ್ಲ. ಕಾಯಿ ಒಡದು ಒಳಗಿನ ಬಿಳೇ ನಾರು ಉಗರಿನಾಗ ಹೊಕ್ಕರ ಮರುದಿನದ ಮಟಾ ಉರೀತೈತ್ರಿ. ನಮ್ಮವ್ವ ಎಣ್ಣಿ ಹಚ್ಕೋತಾಳ."

ಪರೀಕ್ಷೆ ಮಾಡಿಯೇ ಬಿಡೋಣ ಎಂದಾಯಿತು. ಬಿಸಿಯೂಟದ ಅಡುಗೆಯವರಿಂದ ನಾಲ್ಕು ಹಸಿಮೆಣಸಿನಕಾಯಿ ತಂದೆವು. ನಾನು ಕಾಯಿ ಸೀಳಿದೆ. ಬೀಜ ಬೇರೆ ಮಾಡಿ ಲೋಟದಲ್ಲಿ ಎರಡು ಸಲ ತೊಳೆದೆ. ಬೀಜ ಅಂಟಿಕೊಂಡಿದ್ದ ಒಳಗಿನ ಬಿಳಿ ಭಾಗವನ್ನು ಒಂದು ಹಾಳೆಯ ಮೇಲೆ ಇಟ್ಟೆ. ರುಚಿ ನೋಡುವವರು ಯಾರು ಎಂಬ ಪ್ರಶ್ನೆ ಬಂತು. ಮಕ್ಕಳಿಗೆ ತಿನ್ನಿಸುವಂತಿರಲಿಲ್ಲ. ಕಿರಾಣಿ ಅಂಗಡಿಯವರ ಮಗ ನ್ಯಾಯ ಹೇಳಿದ: "ತಪ್ಪು ನಿಮ್ಮದು ಟೀಚರ್ರಿ. ನಾಲಗಿನೂ ನಿಮ್ಮದ ಆಗ್ಲಿ."

ತೊಳೆದ ಬೀಜ ಅಗಿದೆ. ಅಷ್ಟೇನೂ ಖಾರವಿರಲಿಲ್ಲ. ಬಿಳಿ ಭಾಗವನ್ನು ನಾಲಗೆಯ ಮೇಲೆ ಇಟ್ಟುಕೊಂಡೆ. ಮೊದಲು ಕಿವಿ ಬಿಸಿಯಾಯಿತು, ಆಮೇಲೆ ಕಣ್ಣು ಮೂಗು ಎರಡೂ ಹರಿಯತೊಡಗಿದವು. ಯಾರದೋ ನೀರಿನ ಬಾಟಲಿ ಕಸಿದುಕೊಂಡು ಕುಡಿಯುತ್ತಿದ್ದಾಗಲೇ ಹೆಡ್‌ಮಾಸ್ತರರು ತಾಲೂಕಿನಿಂದ ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರನ್ನು ಕರೆದುಕೊಂಡು ಒಳಗೆ ಬಂದರು.

ನನ್ನ ಕಣ್ಣೀರು ನೋಡಿ ಹೆಡ್‌ಮಾಸ್ತರರು ಗಾಬರಿಯಾದರು. "ಯಾರು ಏನಂದ್ರೋ ಅಕ್ಕೋರಿಗೆ?"

ಮುಂದಿನ ಬೆಂಚಿನ ಜಾಣೆ ಎದ್ದು ನಿಂತು ವರದಿ ಒಪ್ಪಿಸಿದಳು: "ಟೀಚರ್ ತಪ್ಪು ಹೇಳಿದ್ರು ಸರ್. ಅದಕ್ಕ ಖಾರಾ ತಿನಿಸೇವ್ರಿ."

ನಾನು ಕೈಸನ್ನೆಯಲ್ಲೇ ವಿವರಿಸಲು ಹೆಣಗಿದೆ. ಹೆಡ್‌ಮಾಸ್ತರರು ಹಾಳೆ ನೋಡಿ, "ಖಾರ ಇರೂದು ಬೀಜದಾಗ. ನಾನೂ ಹೊಲಾ ಮಾಡಿದಂವ," ಅಂದವರೇ ಉಳಿದಿದ್ದ ಬಿಳಿ ಭಾಗವನ್ನೆಲ್ಲ ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಗೋಡೆಯ ಮೇಲಿನ ನಕಾಶೆ ನೋಡುತ್ತ ನಿಂತರು. ಆಮೇಲೆ ತಮ್ಮ ಕೋಣೆಯ ಕಡೆ ನಡೆದರು. ಅಧಿಕಾರಿ ಮಾತ್ರ ಆ ಹುಡುಗಿಯ ಪಕ್ಕ ಕೂತು ಎಲ್ಲ ಕೇಳಿಕೊಂಡರು. ಭೇಟಿಯ ಪುಸ್ತಕದಲ್ಲಿ, ಚಟುವಟಿಕೆಯಿಂದ ಕಲಿಕೆ ಚೆನ್ನಾಗಿ ನಡೆದಿದೆ, ಶಿಕ್ಷಕರೂ ಭಾಗವಹಿಸಿದ್ದಾರೆ ಅಂತ ಬರೆದು ಹೋದರು.

ತಾಯಿಯನ್ನು ಕರೆದುಕೊಂಡು ಬಾ ಅಂತ ಆ ಹುಡುಗಿಗೆ ಹೇಳಿದೆ. ಶನಿವಾರ ಆ ತಾಯಿ ಸೆರಗು ಹೊದ್ದು ಬಾಗಿಲಲ್ಲೇ ನಿಂತರು. "ಏನ್ ತಪ್ಪು ಮಾಡ್ಯಾಳ್ರೀ ಅಕ್ಕೋರ?" ನಿಮ್ಮ ಮಗಳು ನನ್ನ ತಪ್ಪು ತಿದ್ದಿದಳು ಅಂದೆ. ಅವರು ಮಗಳ ಕಡೆ ತಿರುಗಿ, "ಕಲಸೋರಿಗೆ ಎದುರಾಡಿದೇನ?" ಅಂತ ಗದರಿಸಿದರು. ಅದು ಬೈಗುಳ ಅಲ್ಲ, ನಾನು ಹೊಗಳುತ್ತಿದ್ದೇನೆ ಅಂತ ತಿಳಿಸಿ ಹೇಳಲು ಬಹಳ ಹೊತ್ತು ಹಿಡಿಯಿತು. ಮೆಣಸಿನಕಾಯಿಯ ಬಗ್ಗೆ ಮಕ್ಕಳಿಗೂ ಹೇಳಿರಿ ಅಂದೆ. ಅವರು ನಾನು ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ. ಮಕ್ಕಳ ನಡುವೆ ನೆಲದ ಮೇಲೆ ಕೂತು, ಬಿಸಿಯೂಟದ ಕೋಣೆಯಿಂದ ತರಿಸಿದ ಒಣ ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ ಅದು ಚೆನ್ನಾಗಿ ಒಣಗಿದೆಯೋ ಇಲ್ಲವೋ ತಿಳಿಯುವುದು ಹೇಗೆ, ಬಣ್ಣಕ್ಕೆ ಯಾವ ಕಾಯಿ, ಖಾರಕ್ಕೆ ಯಾವುದು ಅಂತ ಒಂದು ಪೀರಿಯಡ್ಡು ಪೂರ್ತಿ ತೋರಿಸಿದರು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು. ಅವರು ಹೇಳಿದ್ದರಲ್ಲಿ ಅರ್ಧ ನನಗೂ ಹೊಸದು. ಮಗಳು ತಾಯಿಯ ಮುಖವನ್ನೇ ನೋಡುತ್ತ ಕೂತಿದ್ದಳು.

ವಾರ್ಷಿಕ ಪರೀಕ್ಷೆಯಲ್ಲಿ ಪವಾಡವೇನೂ ಆಗಲಿಲ್ಲ. ಆ ಹುಡುಗಿಗೆ ಭಿನ್ನರಾಶಿ ಕಡೆಗೂ ಕೈಕೊಟ್ಟಿತು. ಆದರೆ ವಿಜ್ಞಾನದ ಪ್ರಶ್ನೆಗಳಿಗೆ ಪುಸ್ತಕದ ವಾಕ್ಯ ಬಿಟ್ಟು ತನ್ನ ಮಾತಿನಲ್ಲೇ ಉತ್ತರ ಬರೆದಿದ್ದಳು. ಅವನ್ನು ತಿದ್ದಲು ನನಗೆ ಎರಡು ಪಟ್ಟು ಹೊತ್ತು ಬೇಕಾಯಿತು.

ನನ್ನ ಆಟ ಮಾತ್ರ ಮೆಣಸಿನಕಾಯಿಯ ದಿನಕ್ಕೇ ಮುಗಿದಿತ್ತು. ನಾನು ಬೋರ್ಡಿಗೆ ತಿರುಗಿದರೆ ಸಾಕು, ಇಡೀ ವರ್ಗ ಒಂದೇ ಧ್ವನಿಯಲ್ಲಿ ಸುಳ್ಳು ಅಂತ ಕೂಗುತ್ತಿತ್ತು. ಆಗ ಮಕ್ಕಳೇ ಆಟ ಕೈಗೆತ್ತಿಕೊಂಡರು. ಶನಿವಾರ ಅವರು ಹೇಳುವುದು, ಹಿಡಿಯುವುದು ನಾನು. ಕುರಿಯ ಬಾಯಲ್ಲಿ ಮುಂದೆ ಮೇಲಿನ ಹಲ್ಲೇ ಇರುವುದಿಲ್ಲ ಅಂದ ಒಬ್ಬ, ಕುರಿ ಸಾಕುವ ಮನೆಯವ. ನಾನು ಕೂಡಲೇ ಸುಳ್ಳು ಅಂದೆ. ಹಲ್ಲಿಲ್ಲದೆ ಹುಲ್ಲು ಹೇಗೆ ಮೇಯುತ್ತದೆ ಅಂತ ವಾದವನ್ನೂ ಮಾಡಿದೆ. ಅವನು ವಾದಕ್ಕೆ ನಿಲ್ಲಲಿಲ್ಲ.

ಸೋಮವಾರ ಬೆಳಿಗ್ಗೆ ಶಾಲೆಯ ಪಡಸಾಲೆಯಲ್ಲಿ ಒಂದು ಕುರಿ ನಿಂತಿತ್ತು. ಹೆಡ್‌ಮಾಸ್ತರರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಮೇಲಿನ ತುಟಿ ಎತ್ತಿ ಹಿಡಿದಿದ್ದರು. ಸುತ್ತಲೂ ಒಂದನೇ ತರಗತಿಯಿಂದ ಏಳನೇ ತರಗತಿಯವರೆಗಿನ ಮಕ್ಕಳು.

"ಖರೇನ ಇಲ್ಲ ನೋಡ್ರಿ ಅಕ್ಕೋರ," ಅಂದರು ಅವರು ತಲೆ ಎತ್ತದೆ. "ಬರ್ರಿ, ನೀವೂ ಬೆರಳು ಹಾಕಿ ನೋಡ್ರಿ."

ಪ್ರಾರ್ಥನೆಯ ಗಂಟೆ ಬಾರಿಸುವುದು ಅವತ್ತು ಯಾರಿಗೂ ನೆನಪಾಗಲಿಲ್ಲ. ನಾನು ಚೀಲ ಕೆಳಗಿಟ್ಟು ಅವರ ಪಕ್ಕ ಕೂತೆ.